ಹೆಣ್ಣುಮಕ್ಕಳ ಉದ್ಯೋಗ: ಬುದ್ಧಿಮಾತಷ್ಟೇ ಸಾಲದು

(ಉದ್ಯೋಗಸ್ಥ ಮಹಿಳೆಯರು ಮತ್ತು ಹೆತ್ತವರಿಗಾಗಿ ಏರ್ಪಡಿಸಲಾಗಿದ್ದ ಸಭೆಯಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಪ್ರತಿ ವರ್ಷ ಪರೀಕ್ಷಾ ಫಲಿತಾಂಶ ಬಂದಾಗ ನಮ್ಮ ಊರುಗಳಲ್ಲಿ ಒಂದು ಸಂಭ್ರಮ ಕಾಣಿಸುತ್ತದೆ. ಹೆಚ್ಚು ಅಂಕ ಗಳಿಸಿದ ಹುಡುಗಿಯರನ್ನು ವೇದಿಕೆಗೆ ಕರೆಯುತ್ತೇವೆ. ಸ್ಮರಣಿಕೆ ಕೊಡುತ್ತೇವೆ. ಅವರ ತಂದೆ-ತಾಯಂದಿರ ಕಣ್ಣುಗಳು ತುಂಬಿ ಬರುತ್ತವೆ. ಒಂದು ಕಾಲದಲ್ಲಿ ಹೆಣ್ಣುಮಗಳನ್ನು ಪ್ರೌಢಶಾಲೆಗೆ ಕಳುಹಿಸಲೂ ಹಿಂಜರಿಯುತ್ತಿದ್ದ ಮನೆಗಳಿಂದ ಇಂದು ಇಂಜಿನಿಯರುಗಳು, ವೈದ್ಯರು, ಲೆಕ್ಕಪರಿಶೋಧಕರು ಹೊರಬರುತ್ತಿದ್ದಾರೆ. ಇದಕ್ಕಾಗಿ ನಾವು ಅಲ್ಲಾಹನಿಗೆ ಕೃತಜ್ಞರಾಗಿರಬೇಕು.

ಆದರೆ ಆ ಸನ್ಮಾನ ನಡೆದು ಐದು ವರ್ಷಗಳ ಬಳಿಕ ಆ ಹುಡುಗಿ ಎಲ್ಲಿದ್ದಾಳೆಂದು ನಾವು ಯಾರಾದರೂ ವಿಚಾರಿಸಿದ್ದೇವೆಯೇ? ನಿವೃತ್ತಿಯಾದ ಮೇಲೆ ನಾನು ವಿಚಾರಿಸುತ್ತಾ ಬಂದಿದ್ದೇನೆ. ಕೆಲವರು ಕೆಲಸದಲ್ಲಿ ಮುಂದುವರಿದಿದ್ದಾರೆ. ಕೆಲವರು ಕೆಲಸಕ್ಕೆ ಸೇರಿ ಎರಡು ಮೂರು ವರ್ಷಗಳಲ್ಲಿ ಬಿಟ್ಟು ಮನೆಯಲ್ಲಿದ್ದಾರೆ. ಇನ್ನು ಕೆಲವರು ಸೇರಿದ ಮೊದಲ ದಿನ ಯಾವ ಕುರ್ಚಿಯಲ್ಲಿ ಕುಳಿತಿದ್ದರೋ ಅದೇ ಕುರ್ಚಿಯಲ್ಲಿ ಇಂದಿಗೂ ಕುಳಿತಿದ್ದಾರೆ. ಮನೆಯ ಹೊಣೆಯನ್ನು ತಾವಾಗಿಯೇ ಆರಿಸಿಕೊಂಡವರ ಬಗ್ಗೆ ನನ್ನ ಆಕ್ಷೇಪವಿಲ್ಲ. ಅದು ಗೌರವದ ಆಯ್ಕೆ. ನಾನು ಇಂದು ಮಾತನಾಡಬಯಸುವುದು, ಮುಂದುವರಿಯಬೇಕೆಂಬ ಆಸೆಯಿದ್ದೂ ಮುಂದುವರಿಯಲಾಗದವರ ಬಗ್ಗೆ.

ಕೆಲಸ ಬಿಟ್ಟದ್ದೇಕೆಂದು ಕೇಳಿದರೆ ಮೊದಲು ಬರುವ ಉತ್ತರ ಮದುವೆ, ಮಗು, ದೂರದ ವರ್ಗಾವಣೆ. ಇವೆಲ್ಲ ನಿಜವಾದ ಕಾರಣಗಳೇ. ಆದರೆ ಅವರ ಜೊತೆ ಅರ್ಧ ಗಂಟೆ ಕುಳಿತು ಕೇಳಿದರೆ ಇನ್ನೊಂದು ಮಾತು ಮೆಲ್ಲನೆ ಹೊರಬರುತ್ತದೆ: "ಅಲ್ಲಿ ಏನು ಮಾಡಬೇಕೆಂದೇ ನನಗೆ ಗೊತ್ತಾಗಲಿಲ್ಲ. ಯಾರಲ್ಲಿ ಕೇಳಬೇಕೆಂದೂ ಗೊತ್ತಾಗಲಿಲ್ಲ."

ಪ್ರತಿಯೊಂದು ಕಚೇರಿಯಲ್ಲಿಯೂ ಎರಡು ಬಗೆಯ ನಿಯಮಗಳಿರುತ್ತವೆ. ಒಂದು, ಪುಸ್ತಕದಲ್ಲಿ ಬರೆದಿರುವಂಥದ್ದು. ಇನ್ನೊಂದು, ಯಾರೂ ಬರೆದಿಡದ ಆದರೆ ಎಲ್ಲರೂ ಪಾಲಿಸುವಂಥದ್ದು. ನನಗೆ ಗೊತ್ತಿರುವ ಬ್ಯಾಂಕಿನ ಉದಾಹರಣೆಯನ್ನೇ ಕೊಡುತ್ತೇನೆ. ಗುಮಾಸ್ತೆಯಾಗಿ ಸೇರಿದ ಹುಡುಗಿಗೆ ಕೌಂಟರ್ ಕೊಡುತ್ತಾರೆ. ಅವಳು ನಿಷ್ಠೆಯಿಂದ ಹಣ ಎಣಿಸುತ್ತಾಳೆ, ಪಾಸ್‌ಬುಕ್ ಬರೆಯುತ್ತಾಳೆ, ಒಂದು ಪೈಸೆ ವ್ಯತ್ಯಾಸ ಬಾರದಂತೆ ಲೆಕ್ಕ ಮುಗಿಸುತ್ತಾಳೆ. ತಾನು ಚೆನ್ನಾಗಿ ಕೆಲಸ ಮಾಡಿದರೆ ಮೇಲಿನವರು ನೋಡಿಯೇ ನೋಡುತ್ತಾರೆಂದು ನಂಬಿರುತ್ತಾಳೆ. ಆದರೆ ಬಡ್ತಿಯ ಸಂದರ್ಶನದಲ್ಲಿ ಅವಳನ್ನು ಕೇಳುವುದು ಸಾಲದ ಅರ್ಜಿಯನ್ನು ಹೇಗೆ ಪರಿಶೀಲಿಸುತ್ತೀರಿ, ಭದ್ರತೆಯನ್ನು ಹೇಗೆ ಅಳೆಯುತ್ತೀರಿ ಎಂದು. ಸಾಲ ವಿಭಾಗದಲ್ಲಿ ಒಂದು ದಿನವೂ ಕುಳಿತಿರದ ಅವಳು ಏನು ಹೇಳಬೇಕು? ಬ್ಯಾಂಕಿಂಗ್ ಸಂಸ್ಥೆಯ ಜೆಎಐಐಬಿ, ಸಿಎಐಐಬಿ ಪರೀಕ್ಷೆಗಳನ್ನು ಮದುವೆಗೆ ಮುಂಚಿನ ಬಿಡುವಿನ ವರ್ಷಗಳಲ್ಲೇ ಮುಗಿಸಿಬಿಡುವುದು ಒಳ್ಳೆಯದೆಂದು ಅವಳಿಗೆ ಹೇಳುವವರಿಲ್ಲ. ಅಧಿಕಾರಿಯಾಗಿ ಬಡ್ತಿ ದೊರೆತರೆ ಬೇರೆ ಊರಿಗೆ ಹೋಗಬೇಕಾಗಬಹುದು, ಅದಕ್ಕೆ ಮನೆಯವರನ್ನು ಎರಡು ವರ್ಷ ಮುಂಚಿನಿಂದಲೇ ಸಿದ್ಧಗೊಳಿಸಬೇಕೆಂದು ಹೇಳುವವರೂ ಇಲ್ಲ. ಆದ್ದರಿಂದ ಆದೇಶ ಕೈಗೆ ಬಂದ ದಿನ ಮನೆಯಲ್ಲಿ ಗದ್ದಲವಾಗುತ್ತದೆ. ಮರುದಿನ ಅವಳು ಬಡ್ತಿ ಬೇಡವೆಂದು ಬರೆದುಕೊಡುತ್ತಾಳೆ.

ಅದೇ ಸಮಯಕ್ಕೆ ಸೇರಿದ ಇನ್ನೊಬ್ಬನ ತಂದೆಯೋ ಮಾವನೋ ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದರೆ ಈ ಎಲ್ಲ ಸಂಗತಿಗಳೂ ರಾತ್ರಿಯ ಊಟದ ಹೊತ್ತಿಗೆ ಮಾತಿನ ನಡುವೆಯೇ ಅವನಿಗೆ ತಿಳಿದುಹೋಗಿರುತ್ತವೆ. ಅವನು ಅವಳಿಗಿಂತ ಬುದ್ಧಿವಂತನೆಂದಲ್ಲ. ಅವನಿಗೆ ಹೇಳುವವರಿದ್ದರು, ಅವಳಿಗೆ ಇರಲಿಲ್ಲ, ಅಷ್ಟೆ.

ಈ ಕೊರತೆಯನ್ನು ತುಂಬುವ ವ್ಯವಸ್ಥೆಯನ್ನೇ ಇಂದು 'ಮೆಂಟರಿಂಗ್' ಎಂದು ಕರೆಯುತ್ತಾರೆ. ಅನುಭವವಿರುವ ಹಿರಿಯರು ಕಿರಿಯ ಸಹೋದ್ಯೋಗಿಯೊಬ್ಬರನ್ನು ತಮ್ಮ ಜವಾಬ್ದಾರಿಯೆಂದು ಭಾವಿಸಿ ಬೆಳೆಸುವುದೇ ಅದರ ಸಾರ. ಅಮೆರಿಕದ ವಿದ್ವಾಂಸೆ ಕ್ಯಾಥಿ ಕ್ರಾಮ್ 1985ರಲ್ಲಿ ಬರೆದ ಗ್ರಂಥದಲ್ಲಿ ಇಂಥ ಸಂಬಂಧದ ಎರಡು ಮುಖಗಳನ್ನು ಗುರುತಿಸಿದರು. ಒಂದು, ಧೈರ್ಯ ಹೇಳುವುದು, ಆಲಿಸುವುದು, ಮಾದರಿಯಾಗಿ ನಿಲ್ಲುವುದು. ಇನ್ನೊಂದು, ಒಳ್ಳೆಯ ಕೆಲಸ ಕೊಡಿಸುವುದು, ಮೇಲಿನವರ ಕಣ್ಣಿಗೆ ಬೀಳುವಂತೆ ಮಾಡುವುದು, ಅನ್ಯಾಯದ ಟೀಕೆ ಬಂದಾಗ ಅಡ್ಡ ನಿಲ್ಲುವುದು. ಈ ಎರಡನೆಯ ಮುಖವನ್ನು ದಯವಿಟ್ಟು ನೆನಪಿನಲ್ಲಿಡಿ. ನಾನು ಅದಕ್ಕೆ ಮತ್ತೆ ಬರುತ್ತೇನೆ.

ಹೆಸರು ಹೊಸದಾಗಿರಬಹುದು, ಸಂಗತಿ ಹಳೆಯದು. ಮಹಿಳೆಯೊಬ್ಬಳು ತನಗೆ ತಿಳಿದ ವಿದ್ಯೆಯನ್ನು ಇನ್ನೊಬ್ಬ ಮಹಿಳೆಗೆ ಕಲಿಸುವುದು ನಮ್ಮ ಚರಿತ್ರೆಗೆ ಅಪರಿಚಿತವಲ್ಲ. ಅಕ್ಷರ ಬಲ್ಲವರು ತೀರಾ ವಿರಳವಾಗಿದ್ದ ಅಂದಿನ ಅರೇಬಿಯಾದಲ್ಲಿ ಹಝ್ರತ್ ಶಿಫಾ ಬಿಂತ್ ಅಬ್ದುಲ್ಲಾ(ರ) ಅವರು ಪ್ರವಾದಿ ಪತ್ನಿ ಹಝ್ರತ್ ಹಫ್ಸಾ(ರ) ಅವರಿಗೆ ಬರವಣಿಗೆ ಕಲಿಸಿದ್ದರು. ಅದಕ್ಕೆ ಪ್ರವಾದಿವರ್ಯರ(ಸ) ಸಮ್ಮತಿಯಿತ್ತು. ತನಗೆ ಗೊತ್ತಿರುವುದನ್ನು ತನ್ನಲ್ಲೇ ಬಚ್ಚಿಟ್ಟುಕೊಳ್ಳುವುದು ನಮಗೆ ಭೂಷಣವಲ್ಲ.

ನಮ್ಮದೇ ರಾಜ್ಯದಲ್ಲಿ ನಡೆದ ಒಂದು ಘಟನೆಯನ್ನು ನೋಡೋಣ. 1933ರಲ್ಲಿ ಕಮಲಾ ಭಾಗವತ್ ಎಂಬ ಯುವತಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆಗೆ ಅವಕಾಶ ಕೋರಿದರು. ಆಗ ನಿರ್ದೇಶಕರಾಗಿದ್ದವರು ನೊಬೆಲ್ ಪುರಸ್ಕೃತ ಸಿ.ವಿ. ರಾಮನ್. ಹೆಣ್ಣೆಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಕಮಲಾ ಬಿಡಲಿಲ್ಲ. ಕೊನೆಗೆ ಕಠಿಣ ಷರತ್ತುಗಳೊಂದಿಗೆ, ಒಂದು ವರ್ಷದ ಪರೀಕ್ಷೆಯ ಮೇಲೆ ಪ್ರವೇಶ ದೊರೆಯಿತು. ಒಳಗೆ ಅವರಿಗೆ ಸಿಕ್ಕಿದ ಗುರು ಎಂ. ಶ್ರೀನಿವಾಸಯ್ಯ. ಅವರು ಈ ವಿದ್ಯಾರ್ಥಿನಿಗೆ ರಿಯಾಯಿತಿ ತೋರಿಸಲಿಲ್ಲ, ಕಡೆಗಣಿಸಲೂ ಇಲ್ಲ. ಕಟ್ಟುನಿಟ್ಟಾಗಿ ದುಡಿಸಿ ಕಲಿಸಿದರು. ವರ್ಷ ಕಳೆದಾಗ ಆಕೆಯ ಕೆಲಸ ರಾಮನ್ ಅವರಿಗೂ ಒಪ್ಪಿಗೆಯಾಯಿತು. ಆ ಬಳಿಕ ಸಂಸ್ಥೆಯ ಬಾಗಿಲು ಇತರ ವಿದ್ಯಾರ್ಥಿನಿಯರಿಗೂ ತೆರೆಯಿತು. ಅದೇ ಕಮಲಾ 1939ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ಮುಂದೆ ಕಮಲಾ ಸೊಹೋನಿ ಎಂಬ ಹೆಸರಿನಲ್ಲಿ ದೇಶದ ಪ್ರಮುಖ ಜೀವರಸಾಯನ ವಿಜ್ಞಾನಿಗಳಲ್ಲಿ ಒಬ್ಬರಾದರು. ಪ್ರತಿಭೆ ಅವರದ್ದೇ, ಹಟವೂ ಅವರದ್ದೇ. ಆದರೆ ಆ ಪರೀಕ್ಷೆಯ ವರ್ಷದಲ್ಲಿ ಕಲಿಸಲು ಮನಸ್ಸಿಲ್ಲದ ಗುರು ಸಿಕ್ಕಿದ್ದರೆ ಪರಿಣಾಮ ಏನಾಗುತ್ತಿತ್ತೆಂದು ಊಹಿಸಿ.

ನೆರೆಯ ಕೇರಳದ ಇನ್ನೊಂದು ಉದಾಹರಣೆ ನಮಗೆ ಇನ್ನಷ್ಟು ಹತ್ತಿರದ್ದು. 1937ರಲ್ಲಿ ತಿರುವಾಂಕೂರು ಸಂಸ್ಥಾನದಲ್ಲಿ ಅನ್ನಾ ಚಾಂಡಿ ಎಂಬ ಮಹಿಳೆ ಮುನ್ಸೀಫರಾಗಿ ನೇಮಕಗೊಂಡರು. ನ್ಯಾಯಾಧೀಶ ಪೀಠದಲ್ಲಿ ಹೆಣ್ಣು ಕುಳಿತುಕೊಳ್ಳುವುದು ಆಗ ಯಾರೂ ಕಂಡರಿಯದ ಸಂಗತಿ. ಪತ್ತನಂತಿಟ್ಟದ ಮೀರಾ ಸಾಹಿಬ್ ಎಂಬ ಸರಕಾರಿ ನೌಕರರ ಮನಸ್ಸಿನಲ್ಲಿ ಅದು ಅಚ್ಚೊತ್ತಿ ನಿಂತಿತು. ವಿಜ್ಞಾನ ಕಲಿಯಬೇಕೆಂದಿದ್ದ ಮಗಳನ್ನು ಅವರು ಕಾನೂನು ಓದಲು ಹುರಿದುಂಬಿಸಿದರು. ಆ ಮಗಳೇ ಫಾತಿಮಾ ಬೀವಿ. ಅವರು 1950ರಲ್ಲಿ ವಕೀಲರಾದರು, 1958ರಲ್ಲಿ ಮುನ್ಸೀಫರಾದರು, 1983ರಲ್ಲಿ ಹೈಕೋರ್ಟಿಗೆ ಬಂದರು. 1989ರ ಅಕ್ಟೋಬರ್ 6ರಂದು ಸುಪ್ರೀಂ ಕೋರ್ಟಿನ ಮೊತ್ತಮೊದಲ ಮಹಿಳಾ ನ್ಯಾಯಮೂರ್ತಿಯಾದರು. 2023ರಲ್ಲಿ ಅವರು ನಿಧನರಾದಾಗ ನಾವೆಲ್ಲ ಹೆಮ್ಮೆಯಿಂದ ಅವರನ್ನು ಸ್ಮರಿಸಿದೆವು. ಆದರೆ ಆ ತಂದೆಯನ್ನು ಎಷ್ಟು ಮಂದಿ ಸ್ಮರಿಸಿದೆವು? ಮುಂದೆ ಹೋದ ಒಬ್ಬ ಮಹಿಳೆಯನ್ನು ನೋಡಿ, 'ಇದು ನನ್ನ ಮಗಳಿಗೂ ಸಾಧ್ಯ' ಎಂದು ಅವರು ಭಾವಿಸಿದರು. ಮಾದರಿಯೊಂದು ಕಣ್ಣೆದುರು ಇದ್ದರೆ ಅರ್ಧ ದಾರಿ ಸವೆದಂತೆ.

ನಮ್ಮ ಸಮುದಾಯದ ಕಷ್ಟವಿರುವುದು ಇಲ್ಲಿಯೇ. ಕಣ್ಣೆದುರು ಇರುವ ಮಾದರಿಗಳು ಕಡಿಮೆ. 2001ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆಯಲ್ಲಿ ಮುಸ್ಲಿಮರು ಶೇ. 13.4ರಷ್ಟಿದ್ದರು. 2006ರಲ್ಲಿ ಸಾಚಾರ್ ಸಮಿತಿ ವರದಿ ಕೊಟ್ಟಾಗ ಐಎಎಸ್ ಅಧಿಕಾರಿಗಳಲ್ಲಿ ಅವರ ಪಾಲು ಶೇ. 3 ಮಾತ್ರ. ಈ ಅಂಕಿಗಳನ್ನು ನಾವು ಅನ್ಯಾಯದ ಸಾಕ್ಷಿಯಾಗಿ ಎತ್ತಿ ಹೇಳುತ್ತೇವೆ. ಹೇಳಲೇಬೇಕು. ಆದರೆ ಅದರಲ್ಲಿ ಇನ್ನೊಂದು ಅರ್ಥವೂ ಅಡಗಿದೆ. ಮೇಲಿನ ಹುದ್ದೆಗಳಲ್ಲಿ ನಮ್ಮವರು ಕಡಿಮೆಯೆಂದರೆ, ಕೆಳಗಿನಿಂದ ಬರುವ ನಮ್ಮ ಮಕ್ಕಳಿಗೆ ದಾರಿ ಹೇಳುವವರೂ ಕಡಿಮೆ. ಮಹಿಳೆಯರಂತೂ ಇನ್ನೂ ವಿರಳ. ಆದ್ದರಿಂದ ಅಲ್ಲಿಗೆ ತಲುಪಿದ ಪ್ರತಿಯೊಬ್ಬಳ ಮೇಲೂ ದುಪ್ಪಟ್ಟು ಹೊಣೆಯಿದೆ.

ಈ ಹೊಣೆಯನ್ನು ನಾನು ಹೇಗೆ ನಿಭಾಯಿಸಿದೆ? ಉಪದೇಶ ಕೊಡುವ ಮುನ್ನ ನನ್ನ ತಪ್ಪನ್ನು ಹೇಳಿಕೊಳ್ಳುವುದು ನ್ಯಾಯ.

ನನಗೆ ಕೆಲಸ ಕಲಿಸಿದವರು ನಮ್ಮ ಸಮುದಾಯದವರಲ್ಲ. ಹಿಂದೂ ಸಹೋದರಿಯೊಬ್ಬರು, ನನಗಿಂತ ಹನ್ನೆರಡು ವರ್ಷ ಹಿರಿಯರು. ಟಿಪ್ಪಣಿ ಬರೆಯುವುದನ್ನು ತಿದ್ದಿ ತಿದ್ದಿ ಕಲಿಸಿದರು. ಮಧ್ಯಾಹ್ನ ನಾನು ಝುಹ್ರ್ ನಮಾಝ್ ಮುಗಿಸಿ ಬರುವವರೆಗೆ ನನ್ನ ಮೇಜಿನ ಕೆಲಸವನ್ನೂ ನೋಡಿಕೊಳ್ಳುತ್ತಿದ್ದರು. ಒಂದು ದಿನ ಮ್ಯಾನೇಜರರ ಮುಂದೆ ನಿಂತು, "ಈಕೆಯನ್ನು ಸಾಲ ವಿಭಾಗಕ್ಕೆ ಹಾಕಿ, ಮಾಡುತ್ತಾಳೆ, ನಾನು ಹೇಳುತ್ತೇನೆ" ಎಂದವರು ಅವರೇ. ನನ್ನ ಮೊದಲ ಬಡ್ತಿ ಬಂದದ್ದು ಆ ಒಂದು ವಾಕ್ಯದಿಂದ.

ವರ್ಷಗಳು ಕಳೆದವು. ನಾನು ಅಧಿಕಾರಿಯಾದೆ. ಶಾಖೆಗೆ ನಮ್ಮದೇ ಸಮುದಾಯದ ಒಬ್ಬ ಹುಡುಗಿ ಬಂದಳು. ಅವಳ ಕುಟುಂಬದಲ್ಲಿ ಕಚೇರಿಯ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲಿಗಳು. ಮಧ್ಯಾಹ್ನ ನನ್ನ ಜೊತೆ ಬುತ್ತಿ ಬಿಚ್ಚುತ್ತಿದ್ದಳು. ನನಗೆ ತಿಳಿದದ್ದನ್ನೆಲ್ಲ ಅವಳಿಗೆ ಹೇಳಿಕೊಟ್ಟೆ. ಪರೀಕ್ಷೆ ಬರೆಸಿದೆ. ನಾನು ಅವಳಿಗೆ ಒಳ್ಳೆಯ ಮಾರ್ಗದರ್ಶಕಿಯೆಂದು ಮನಸ್ಸಿನೊಳಗೇ ಸಂತೋಷಪಡುತ್ತಿದ್ದೆ.

ಒಮ್ಮೆ ಸಾಲ ವಿಭಾಗಕ್ಕೆ ಯಾರನ್ನು ಹಾಕುವುದೆಂಬ ಚರ್ಚೆ ನಡೆಯಿತು. ನಾವು ನಾಲ್ಕೈದು ಅಧಿಕಾರಿಗಳಿದ್ದೆವು. ಯಾರೋ ಅವಳ ಹೆಸರೆತ್ತಿದರು. ಇನ್ನೊಬ್ಬರು, "ಅವಳಿಗೆ ಈಗಷ್ಟೇ ಮದುವೆಯಾಗಿದೆ. ಅಲ್ಲಿ ಸಂಜೆ ತಡವಾಗುತ್ತದೆ. ಅವರ ಮನೆಯವರು ಒಪ್ಪಲಾರರು" ಎಂದರು. ಅವರ ಮಾತಿನಲ್ಲಿ ದ್ವೇಷವಿರಲಿಲ್ಲ, ಒಂದು ಬಗೆಯ ಅನುಕಂಪವೇ ಇತ್ತು. ಆದರೆ ಅವಳನ್ನು ಯಾರೂ ಕೇಳಿರಲಿಲ್ಲ. ಅವಳು ಆ ಕೆಲಸವನ್ನು ಬಯಸುತ್ತಾಳೆಂದೂ ಅವಳ ಪತಿಗೆ ಆಕ್ಷೇಪವಿಲ್ಲವೆಂದೂ ನನಗೆ ಗೊತ್ತಿತ್ತು. ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಮುಂದಿದ್ದ ಕಾಗದವನ್ನು ನೋಡುತ್ತಾ ಕುಳಿತೆ. 'ತನ್ನವಳ ಪರವಾಗಿ ಮಾತನಾಡುತ್ತಾಳೆ' ಎಂದು ಯಾರಾದರೂ ಭಾವಿಸಿಯಾರೆಂಬ ಭಯ ನನ್ನ ಬಾಯಿ ಕಟ್ಟಿಹಾಕಿತು.

ಆ ಸ್ಥಾನ ಬೇರೆಯವರಿಗೆ ಹೋಯಿತು. ಮುಂದೆ ಬಡ್ತಿಯ ಸಂದರ್ಶನದಲ್ಲಿ ಸಾಲದ ಕೆಲಸದ ಅನುಭವವಿಲ್ಲದೆ ಅವಳು ಹಿಂದುಳಿದಳು. ಎರಡು ವರ್ಷಗಳ ನಂತರ ರಾಜೀನಾಮೆ ಕೊಟ್ಟಳು. ಹೊರಡುವ ದಿನ ನನ್ನ ಕೈ ಹಿಡಿದು, "ಮೇಡಂ, ನನಗೆ ಎಲ್ಲವನ್ನೂ ಹೇಳಿಕೊಟ್ಟದ್ದು ನೀವೇ" ಎಂದಳು. ಅವಳ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಆ ಸಭೆಯಲ್ಲಿ ನಾನು ಸುಮ್ಮನೆ ಕುಳಿತದ್ದು ಅವಳಿಗೆ ಗೊತ್ತೇ ಇರಲಿಲ್ಲ. ಅವಳಿಗೆ ಎಲ್ಲವನ್ನೂ ಹೇಳಿದ್ದೆ. ಅವಳ ಬಗ್ಗೆ ಹೇಳಬೇಕಾದ ಕಡೆ ಏನನ್ನೂ ಹೇಳಲಿಲ್ಲ.

ಸಹೋದರಿಯರೇ, ಇದು ನನ್ನೊಬ್ಬಳ ಕಥೆಯಲ್ಲ. ಕ್ಯಾಟಲಿಸ್ಟ್ ಎಂಬ ಸಂಸ್ಥೆಯು ಜಗತ್ತಿನ ಪ್ರತಿಷ್ಠಿತ ಶಿಕ್ಷಣ ಸಂಸ್ಥೆಗಳಲ್ಲಿ ಎಂಬಿಎ ಮಾಡಿದ 4 ಸಾವಿರಕ್ಕೂ ಹೆಚ್ಚು ಮಂದಿಯ ಸಮೀಕ್ಷೆಯನ್ನು 2008ರಲ್ಲಿ ನಡೆಸಿತ್ತು. ಅದರ ಮುಂದುವರಿದ ಅಧ್ಯಯನವನ್ನು ಆಧರಿಸಿ 2010ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವು ಒಂದು ವಿಚಿತ್ರ ಸಂಗತಿಯನ್ನು ಮುಂದಿಟ್ಟಿತು. ತಮಗೆ ಮಾರ್ಗದರ್ಶಕರಿದ್ದಾರೆಂದು ಹೇಳಿದವರ ಪ್ರಮಾಣ ಪುರುಷರಿಗಿಂತ ಮಹಿಳೆಯರಲ್ಲೇ ಹೆಚ್ಚಾಗಿತ್ತು. ಆದರೆ ಹೆಚ್ಚು ಬಡ್ತಿ ಪಡೆದವರು ಪುರುಷರು. ಕಾರಣವೇನು? ಮಹಿಳೆಯರಿಗೆ ಸಿಕ್ಕಿದ್ದು ಬಹಳಷ್ಟು ಸಲಹೆ. ಪುರುಷರ ಮಾರ್ಗದರ್ಶಕರಾದರೋ ಹೆಚ್ಚು ಮೇಲಿನ ಹುದ್ದೆಯವರು, ತಮ್ಮ ಅಧಿಕಾರ ಬಳಸಿ ಅವರ ಹೆಸರನ್ನು ಮುಂದಿಟ್ಟವರು. ಬುದ್ಧಿಮಾತು ಹೇಳುವವರು ಬೇರೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ನಮ್ಮ ಪರವಾಗಿ ಬಾಯಿ ತೆರೆಯುವವರು ಬೇರೆ. ನಮ್ಮ ಹೆಣ್ಣುಮಕ್ಕಳಿಗೆ ಈ ಎರಡನೆಯವರು ಬೇಕು.

ಇನ್ನು, ನಾವು ಮಾಡಬೇಕಾದ್ದೇನು?

ಮೊದಲನೆಯದಾಗಿ, ಉದ್ಯೋಗದಲ್ಲಿ ಮೇಲಕ್ಕೇರಿದ ಸಹೋದರಿಯರು. ನೀವು ಒಬ್ಬ ಕಿರಿಯಳನ್ನಾದರೂ ನಿಮ್ಮ ಹೊಣೆಯೆಂದು ಒಪ್ಪಿಕೊಳ್ಳಿ. ಅವಳು ನಿಮ್ಮ ಸಮುದಾಯದವಳೇ ಆಗಬೇಕೆಂದಿಲ್ಲ. ನನಗೆ ದಾರಿ ತೋರಿದವರು ನನ್ನ ಧರ್ಮವನ್ನು ನೋಡಲಿಲ್ಲ. ತಿಂಗಳಿಗೊಮ್ಮೆ ಕುಳಿತು ಮಾತನಾಡಿ. ಅವಳ ತಪ್ಪನ್ನು ಅವಳಿಗೇ ನೇರವಾಗಿ ಹೇಳಿ. ಅರ್ಹತೆಯಿಲ್ಲದವರನ್ನು ಎತ್ತಿ ಹಿಡಿಯಿರೆಂದು ನಾನು ಹೇಳುವುದಿಲ್ಲ, ಅದು ಇನ್ನೊಬ್ಬರಿಗೆ ಬಗೆಯುವ ದ್ರೋಹ. ಆದರೆ ಅರ್ಹತೆಯಿರುವವಳ ಬಗ್ಗೆ ಸತ್ಯವನ್ನು ಹೇಳುವುದು ಪಕ್ಷಪಾತವಲ್ಲ. ಅದು ಸಾಕ್ಷ್ಯ. ಸಾಕ್ಷ್ಯವನ್ನು ಮುಚ್ಚಿಡಬಾರದೆಂದು ನಮಗೆ ಕಲಿಸಲಾಗಿದೆಯಲ್ಲವೇ?

ಎರಡನೆಯದಾಗಿ, ಪುರುಷ ಅಧಿಕಾರಿಗಳು. ಮೇಲಿನ ಸ್ಥಾನಗಳಲ್ಲಿ ಹೆಚ್ಚಿನವರು ನೀವೇ ಇರುವಾಗ ನಿಮ್ಮನ್ನು ಬಿಟ್ಟು ಈ ಕೆಲಸ ನಡೆಯದು. ಆಪಾದನೆಯ ಭಯದಿಂದ ಮಹಿಳೆಯರಿಗೆ ಕಲಿಸುವುದನ್ನೇ ನಿಲ್ಲಿಸಿದವರನ್ನು ನಾನು ಕಂಡಿದ್ದೇನೆ. ಕಲಿಸುವುದನ್ನು ನಿಲ್ಲಿಸಬೇಡಿ, ಮರೆಯಲ್ಲಿ ಕಲಿಸುವುದನ್ನು ಬಿಡಿ. ಕಚೇರಿಯ ವೇಳೆಯಲ್ಲಿ, ಕಚೇರಿಯ ಮೇಜಿನಲ್ಲಿ, ಎಲ್ಲರ ಕಣ್ಣೆದುರು, ಇಬ್ಬರು ಮೂವರನ್ನು ಒಟ್ಟಿಗೆ ಕೂರಿಸಿಕೊಂಡು ಕಲಿಸಿ. ಸಭ್ಯತೆಯ ಎಲ್ಲೆಯೂ ಉಳಿಯುತ್ತದೆ, ಕೆಲಸವೂ ನಡೆಯುತ್ತದೆ.

ಮೂರನೆಯದಾಗಿ, ಹೆತ್ತವರು ಮತ್ತು ಅತ್ತೆ-ಮಾವಂದಿರು. ಮಗಳ ಸುರಕ್ಷಿತತೆಯ ಬಗೆಗಿನ ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ನಾನೂ ತಾಯಿಯೇ. ಆದರೆ ಆತಂಕಕ್ಕೆ ಉತ್ತರ ಕೆಲಸ ಬಿಡಿಸುವುದಲ್ಲ, ಹಕ್ಕನ್ನು ತಿಳಿದುಕೊಳ್ಳುವುದು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯಲು 2013ರ ಕಾಯ್ದೆಯಿದೆ. 10 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು, ಅದರ ಮುಖ್ಯಸ್ಥೆ ಹಿರಿಯ ಮಹಿಳಾ ಉದ್ಯೋಗಿಯಾಗಿರಬೇಕು. ಸಣ್ಣ ಸಂಸ್ಥೆಗಳವರಿಗಾಗಿ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿಯಿದೆ. ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಬಹುದು. ಮಗಳು ಕೆಲಸಕ್ಕೆ ಸೇರುವ ದಿನ ಇದನ್ನು ಅವಳಿಗೆ ತಿಳಿಸಿ. ಅಂತೆಯೇ, ಹೆರಿಗೆ ರಜೆಯು 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 12 ವಾರಗಳಿಂದ 26 ವಾರಗಳಿಗೆ ಏರಿತು. ಅಷ್ಟು ಕಾಲದ ಬಳಿಕ ಕಚೇರಿಗೆ ಮರಳುವಾಗ ಅವಳಿಗೆ ಎಲ್ಲವೂ ಹೊಸದಾಗಿ ಕಾಣುತ್ತದೆ. ಹೆಣ್ಣುಮಕ್ಕಳು ಕೈಚೆಲ್ಲುವುದು ಹೆಚ್ಚಾಗಿ ಆಗಲೇ. ಆ ಮೊದಲ ಮೂರು ತಿಂಗಳು ಮನೆಯಲ್ಲಿ ಅಜ್ಜಿಯೂ ಕಚೇರಿಯಲ್ಲಿ ಒಬ್ಬ ಹಿರಿಯಕ್ಕನೂ ಜೊತೆಗೆ ನಿಂತರೆ ಅವಳು ಉಳಿಯುತ್ತಾಳೆ. ಅವಳಿಗೆ ಸಾಧ್ಯವೋ ಇಲ್ಲವೋ ಎಂದು ತೀರ್ಮಾನಿಸುವ ಮುನ್ನ ದಯವಿಟ್ಟು ಅವಳನ್ನೇ ಕೇಳಿ. ನನ್ನ ಶಾಖೆಯ ಆ ಸಭೆಯಲ್ಲಿ ನಡೆದ ತಪ್ಪು ನಮ್ಮ ಮನೆಗಳಲ್ಲಿಯೂ ನಡೆಯುತ್ತಿರುತ್ತದೆ.

ನಾಲ್ಕನೆಯದಾಗಿ, ಇಲ್ಲಿರುವ ಯುವತಿಯರು. ಯಾರೋ ಬಂದು ಕರೆಯಲೆಂದು ಕಾಯಬೇಡಿ. ನೀವೇ ಹೋಗಿ ಕೇಳಿ. 'ನನಗೆ ಮಾರ್ಗದರ್ಶನ ಕೊಡಿ' ಎಂದರೆ ಅವರಿಗೆ ಏನು ಕೊಡಬೇಕೆಂದು ತಿಳಿಯದು. 'ಈ ಟಿಪ್ಪಣಿಯಲ್ಲಿ ನಾನು ಎಲ್ಲಿ ತಪ್ಪಿದ್ದೇನೆ? ಮುಂದಿನ ಬಡ್ತಿಗೆ ನನ್ನಲ್ಲಿ ಏನು ಕಡಿಮೆಯಿದೆ?' ಎಂದು ನಿರ್ದಿಷ್ಟವಾಗಿ ಕೇಳಿ. ಹೇಳಿದ್ದನ್ನು ಮಾಡಿ ತೋರಿಸಿ. ನಿಮ್ಮ ಪರವಾಗಿ ಮಾತನಾಡುವವರಿಗೆ ಹೇಳಲು ಏನಾದರೂ ಇರಬೇಕಲ್ಲವೇ? ನಿಮಗೆ ಯಾವ ಕೆಲಸ ಬೇಕೆಂಬುದನ್ನು ಬಾಯಿ ಬಿಟ್ಟು ಹೇಳಿ. ಮೌನವನ್ನು ಕಚೇರಿಗಳು ವಿನಯವೆಂದು ಓದುವುದಿಲ್ಲ, ಆಸಕ್ತಿಯಿಲ್ಲವೆಂದು ಓದುತ್ತವೆ.

ಕೊನೆಯದಾಗಿ, ನಮ್ಮ ಜಮಾಅತ್‌ಗಳು ಮತ್ತು ಸಂಘಟನೆಗಳು. ಸನ್ಮಾನದ ಪಟ್ಟಿಯ ಜೊತೆಗೆ ಇನ್ನೊಂದು ಪಟ್ಟಿಯನ್ನೂ ಮಾಡಿ. ಊರಿನಲ್ಲಿ ಉದ್ಯೋಗದಲ್ಲಿರುವ, ನಿವೃತ್ತರಾದ ಮಹಿಳೆಯರು ಯಾರು ಯಾರಿದ್ದಾರೆ, ಯಾವ ಯಾವ ಕ್ಷೇತ್ರದಲ್ಲಿದ್ದಾರೆ ಎಂದು ಬರೆದಿಡಿ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯ ಕೈಗೆ ಸ್ಮರಣಿಕೆಯ ಜೊತೆ ಅವರಲ್ಲೊಬ್ಬರ ಪರಿಚಯವನ್ನೂ ಕೊಡಿ. ಇದಕ್ಕೆ ದೊಡ್ಡ ನಿಧಿ ಬೇಡ, ಕಟ್ಟಡ ಬೇಡ. ಒಂದು ಪುಸ್ತಕ, ಒಂದು ಫೋನು, ತಿಂಗಳಿಗೆ ಒಂದು ಸಂಜೆ ಸಾಕು.

ನನ್ನ ಆ ಕಿರಿಯ ಸಹೋದ್ಯೋಗಿಗೆ ಈಗ ಎರಡು ಮಕ್ಕಳಿದ್ದಾರೆ. ಇತ್ತೀಚೆಗೆ ಅವಳನ್ನು ಭೇಟಿಯಾಗಿ, ಅಂದು ನಾನು ಮೌನವಾಗಿದ್ದುದನ್ನು ಹೇಳಿ ಕ್ಷಮೆ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಳಿಕ, "ನನ್ನ ಮಗಳು ಕೆಲಸಕ್ಕೆ ಸೇರುವಾಗ ಮಾತನಾಡಿ ಮೇಡಂ" ಎಂದಳು. ಆ ಮಗಳು ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಅವಳು ಕಚೇರಿಯ ಮೆಟ್ಟಿಲು ಹತ್ತುವ ಹೊತ್ತಿಗೆ ನಾನು ಇರುತ್ತೇನೋ ಇಲ್ಲವೋ ಅಲ್ಲಾಹನಿಗೆ ಗೊತ್ತು. ಆದರೆ ನೀವು ಇರುತ್ತೀರಿ. ಆ ಕೋಣೆಯಲ್ಲಿ ಅವಳ ಹೆಸರು ಬಂದಾಗ ಕಾಗದ ನೋಡುತ್ತಾ ಕೂರಬೇಡಿ.